ನಾಲ್ಕನೇ ಸೀಟಿನ ದಾವೆ: ಗಂಭೀರ ಮುಖದ ಹಾಸ್ಯ ಕೊನೆಗೂ ಗೆದ್ದದ್ದು

"ಹಾಸ್ಯಗಾರನೇ ಇಲ್ಲದ ಹಾಸ್ಯ ಯಾರಿಗೆ ಬೇಕು ಮಾರಾಯ್ರೆ?" ಎಂದು ಮುಂಬಯಿ ಪಕ್ಕದ ನಮ್ಮ ಡೊಂಬಿವಲಿ ಬಳಗದಲ್ಲಿ ಕೇಳದವರಿರಲಿಲ್ಲ. ಈಗ ನಮ್ಮ ಚಿತ್ರ ನೋಡಿ ಅವರೇ ಎರಡನೆಯದು ಯಾವಾಗ ಅನ್ನುತ್ತಿದ್ದಾರೆ. ಹಾಗಾಗಿ ಇದನ್ನು ಬರೆಯಲೇಬೇಕು.

ನಮ್ಮದು ಹುಸಿ ಸಾಕ್ಷ್ಯಚಿತ್ರ, ಅಂದರೆ ಕಟ್ಟುಕತೆಯನ್ನೇ ನಿಜವೆಂಬಂತೆ ಗಂಭೀರವಾಗಿ ತೋರಿಸುವ ಚಿತ್ರ. ವಿಷಯ ಲೋಕಲ್ ಟ್ರೈನಿನ ನಾಲ್ಕನೇ ಸೀಟು. ಮೂವರ ಬೆಂಚಿನ ತುದಿಯಲ್ಲಿ ಅರ್ಧಂಬರ್ಧ ಕೂರುವ ಹಕ್ಕು ಒಂದು ಕುಟುಂಬಕ್ಕೆ ಅಜ್ಜನ ಕಾಲದಿಂದ ಬಂದಿದೆ. ಯಜಮಾನ ತೀರಿಕೊಂಡ ಮೇಲೆ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಸಂತಾನ ಕಟ್ಟಿನ ಪ್ರಕಾರ ಸೀಟು ತನ್ನದು ಎನ್ನುತ್ತಾನೆ ಸೋದರಳಿಯ. ಮಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಿಡಿದು ನಿಂತಿದ್ದಾನೆ.

ಮೊದಲು ಪಳಗಿದ ರಂಗನಟರನ್ನೇ ಹಾಕಿಕೊಂಡೆವು. ಮಾತು ಮುಗಿದ ಕೂಡಲೇ ಹುಬ್ಬು ಮೇಲೆ, ಚಪ್ಪಾಳೆಗೆ ಒಂದು ಗಳಿಗೆ ಬಿಡುವು. ಕ್ಯಾಮೆರಾ, ಕಾಲರ್ ಮೈಕು, ಊಟ ಎಲ್ಲ ಸೇರಿ 14-15 ಸಾವಿರ ನೀರುಪಾಲು. ಉಳಿಸಿಕೊಳ್ಳೋಣ ಎಂದು ನಗುವಿನ ಸದ್ದು ಸೇರಿಸಿ ನೋಡಿದೆವು, ಇನ್ನೂ ಸಪ್ಪೆಯಾಯಿತು. ಇದೇ ಬಗೆಯ ಹುಸಿ ಸಾಕ್ಷ್ಯಚಿತ್ರವಾದ 2001ರ ಬ್ರಿಟಿಷ್ 'ದಿ ಆಫೀಸ್' ಧಾರಾವಾಹಿಯಲ್ಲಿ ಅಂಥ ಸದ್ದೇ ಇಲ್ಲ. ಎಲ್ಲಿ ನಗಬೇಕೆಂದು ಯಾರೂ ತೋರಿಸಿಕೊಡುವುದಿಲ್ಲ, ಆ ಜಾಗ ನಾವೇ ಕಂಡುಕೊಳ್ಳಬೇಕು. ಆ ಖುಷಿಯೇ ಬೇರೆ.

ಆಮೇಲೆ ನಟರನ್ನು ಬಿಟ್ಟೆ. ಹೋಟೆಲಿನ ಗಲ್ಲಾದಲ್ಲಿ ಕೂತು ಕೂದಲು ನೆರೆತವರು, ನಿವೃತ್ತ ಬ್ಯಾಂಕ್ ಗುಮಾಸ್ತರು, ನಿಜವಾದ ಒಬ್ಬ ವಕೀಲರು ಬಂದರು. ಯಾರಿಗೂ ಸಂಭಾಷಣೆ ಬರೆದುಕೊಡಲಿಲ್ಲ. "ಊರಿನ ಜಾಗದ ತಕರಾರು ಹೇಳಿ, ಜಾಗ ಅನ್ನುವಲ್ಲಿ ಸೀಟು ಅನ್ನಿ" ಅಂದೆ, ಅಷ್ಟೇ. ಸಿಟ್ಟು, ಸಂಕಟ, ದಾಯಾದಿ ಮತ್ಸರ ಎಲ್ಲ ಅಸಲಿ. ಹೋಟೆಲಿನವರಿಗೆ ಅರ್ಧದಲ್ಲಿ ಕಣ್ಣು ತುಂಬಿ ಬಂತು. ಸಭಾಂಗಣ ಅತಿ ಹೆಚ್ಚು ನಕ್ಕದ್ದು ಅಲ್ಲೇ. ಅವರ ಮುಖ ಸಡಿಲವಾಗದಂತೆ ಕ್ಯಾಮೆರಾ ಶುರುವಾಗುವ ಮುಂಚೆ ಒಂದು ಕೆಲಸ ಮಾಡಿಸುತ್ತೇನೆ. ಅದನ್ನು ಸದ್ಯ ಹೇಳುವುದಿಲ್ಲ.

ನಿರೂಪಣೆಯ ದನಿ ಸಿಗುವುದೇ ಕಷ್ಟವಾಯಿತು. 1957ರ ಏಪ್ರಿಲ್ 1ರಂದು ಬಿಬಿಸಿ ಸ್ವಿಟ್ಜರ್ಲೆಂಡಿನ ಮರಗಳಿಂದ ಸ್ಪಾಗೆಟ್ಟಿ (ಹಿಟ್ಟಿನಿಂದ ಮಾಡುವ ಶಾವಿಗೆಯಂಥ ತಿನಿಸು) ಕೊಯ್ಯುವುದನ್ನು ತೋರಿಸಿದಾಗ, ಅದನ್ನು ಬೆಳೆಸುವುದು ಹೇಗೆಂದು ಫೋನ್ ಮಾಡಿ ಕೇಳಿದವರಿದ್ದರು. ಯುದ್ಧಕಾಲದಿಂದ ಜನ ನಂಬಿಕೊಂಡು ಬಂದಿದ್ದ ಬಿಬಿಸಿಯ ನಿರೂಪಕ ರಿಚರ್ಡ್ ಡಿಂಬಲ್ಬಿ ಹೇಳಿದ್ದಕ್ಕೇ ಅದು ನಡೆಯಿತು. ನಮಗೂ ಅಂಥ ಕಂಠ ಬೇಕಿತ್ತು. ಶ್ರದ್ಧಾಂಜಲಿ ಸಭೆಗಳನ್ನು ನಡೆಸಿಕೊಡುವ ಹಿರಿಯರೊಬ್ಬರನ್ನು ಒಪ್ಪಿಸಿದೆ. ಇಂಥ ಆಯ್ಕೆ ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅತ್ತೆಯೊಬ್ಬರು ತುಳುವಿನಲ್ಲಿ ಬೈಯುವುದಕ್ಕೆ ಕೋರ್ಟಿನ ಕನ್ನಡದಲ್ಲಿ ಅಡಿಬರಹ ಹಾಕಿದೆ. ಅದು ಚೆನ್ನಾಗಿ ಕೂತಿತು. ಮಾತು ನಿಂತಾಗ ಮುಖವನ್ನು ನಿಧಾನಕ್ಕೆ ಹತ್ತಿರ ತರುವುದು ಮಾತ್ರ ಮೂರ್ನಾಲ್ಕು ಸೆಕೆಂಡ್ ಮೀರಬಾರದು. ಮೀರಿದರೆ ಫೋನಿನಲ್ಲಿ ನೋಡುವವರು ನೆಟ್ ನಿಂತಿತು ಅಂದುಕೊಳ್ಳುತ್ತಾರೆ.

ಟ್ರೈನಿನೊಳಗೆ ಶೂಟಿಂಗಿಗೆ ಅನುಮತಿ, ಶುಲ್ಕ ನಮ್ಮ ಕೈಗೆ ಎಟಕುವಂಥದ್ದಲ್ಲ. ಕುರ್ಲಾದ ಗುಜರಿಯಲ್ಲಿ ಹಳೇ ಬೆಂಚು ಸಿಕ್ಕಿತು, ಮೂರು ಸಾವಿರದೊಳಗೆ. ಎರಡನೇ ಸುತ್ತಿನ ಖರ್ಚು ಒಟ್ಟು ಹದಿನೆಂಟು ಸಾವಿರ ಇರಬಹುದು. ಪ್ರದರ್ಶನದ ದಿನ ಡಬ್ಬಿಯಲ್ಲಿ ಅದಕ್ಕಿಂತ ತುಸು ಹೆಚ್ಚೇ ಬಿತ್ತು. ಹಿರಿಯರೊಬ್ಬರು ಹತ್ತಿರ ಬಂದು, ಕೇಸು ಯಾವ ಕೋರ್ಟಿನಲ್ಲಿದೆ ಎಂದು ವಿಚಾರಿಸಿಕೊಂಡು ಹೋದರು.