ಏರ್ ಫೋರ್ಕ್: ಗಾಳಿಯ ಲೆಕ್ಕ, ಸೀಲ್‌ಗಳ ಕಾಳಜಿ

ಮೋಟೊಕ್ರಾಸ್ ಬೈಕಿನ ಏರ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ, ಸ್ಪ್ರಿಂಗ್ ಬದಲು ಗಾಳಿಯ ಒತ್ತಡದಿಂದ ಹೊಡೆತ ತಾಳುವ ಜೋಡಿ ಕೊಳವೆ) ಎಂದರೆ ಮೂಗು ಮುರಿಯುವವರೇ ಹೆಚ್ಚು. ಉಕ್ಕಿನ ಸ್ಪ್ರಿಂಗ್‌ನ ಫೋರ್ಕ್‌ನಂತೆ ಅದನ್ನು ಮರೆತು ಓಡಿಸಲಾಗದು ಎಂಬುದು ನಿಜ. ಆದರೆ ತೂಕ ಒಂದು ಕಿಲೋಗಿಂತ ಹೆಚ್ಚೇ ಇಳಿಯುತ್ತದೆ, ಸವಾರನ ಭಾರಕ್ಕೆ ಹೊಂದಿಸಲು ಫೋರ್ಕ್ ಬಿಚ್ಚಬೇಕಾಗಿಲ್ಲ, ಒಂದು ಪಂಪ್ ಸಾಕು. ನನಗೆ ಈ ವ್ಯವಹಾರ ಒಪ್ಪಿಗೆಯಾಗಿದೆ.

ನನ್ನದು ಎಡ ಕೊಳವೆಯಲ್ಲಿ ಗಾಳಿ, ಬಲ ಕೊಳವೆಯಲ್ಲಿ ಡ್ಯಾಂಪಿಂಗ್ (ಫೋರ್ಕ್‌ನ ಎಗರಾಟ ತಗ್ಗಿಸುವ ಎಣ್ಣೆಯ ವ್ಯವಸ್ಥೆ) ಇರುವ ಬಗೆ. ಶೋವಾ ಕಂಪನಿಯ ಟಿಎಸಿ ಎಂಬ ಫೋರ್ಕ್‌ನಲ್ಲಿ ಮೂರು ಕೋಣೆಗಳಿಗೆ ಬೇರೆ ಬೇರೆ ಒತ್ತಡ ತುಂಬಬೇಕು. ನನಗೆ ಒಂದೇ ವಾಲ್ವ್, ಒಂದೇ ಅಂಕಿ.

ಆ ಅಂಕಿಯನ್ನು ನಂಬಬೇಕಾದರೆ ಪ್ರತಿ ಸಲವೂ ಒಂದೇ ರೀತಿ ಅಳೆಯಬೇಕು. ಬೈಕನ್ನು ಸ್ಟ್ಯಾಂಡಿಗೆ ಏರಿಸಿ ಮುಂದಿನ ಚಕ್ರವನ್ನು ನೆಲದಿಂದ ಎತ್ತುತ್ತೇನೆ. ಫೋರ್ಕ್ ಪೂರ್ತಿ ಚಾಚಿರಬೇಕು, ತಣ್ಣಗೆ ಇರಬೇಕು, ಬಿಸಿಲಿನಲ್ಲಿ ನಿಂತಿರಬಾರದು. 20 ಡಿಗ್ರಿಯಲ್ಲಿ 150 ಪಿಎಸ್‌ಐ ತುಂಬಿದ್ದರೆ, ಒಳಗಿನ ಗಾಳಿ 40 ಡಿಗ್ರಿ ಮುಟ್ಟುವ ಹೊತ್ತಿಗೆ ಅದು ಸುಮಾರು 11 ಪಿಎಸ್‌ಐ ಏರಿರುತ್ತದೆ. ಓಟದ ನಡುವೆ ಗೇಜ್ ಹಚ್ಚಿ ‘ಹೆಚ್ಚಾಗಿದೆ’ ಎಂದು ಗಾಳಿ ಬಿಡುವವರನ್ನು ಕಂಡಾಗ ಸುಮ್ಮನಿರುವುದು ಕಷ್ಟ. ಮರುದಿನ ಬೆಳಿಗ್ಗೆ ಅವರ ಫೋರ್ಕ್ ಮೆತ್ತಗಾಗಿರುತ್ತದೆ.

ಟೈರಿನ ಪಂಪ್ ಇಲ್ಲಿಗೆ ಬೇಡ. ಒಳಗಿನ ಗಾಳಿಯ ಪರಿಮಾಣ ಚಿಕ್ಕದು, ಒತ್ತಡ ದೊಡ್ಡದು. ಅದಕ್ಕೆಂದೇ ಇರುವ ಶಾಕ್ ಪಂಪ್ ಬೇಕು. ಪಂಪ್ ಹಚ್ಚಿದೊಡನೆ ಅದರ ನಳಿಕೆಗೆ ಸ್ವಲ್ಪ ಗಾಳಿ ಹೋಗಿ ಗೇಜ್ ಕಡಿಮೆ ತೋರಿಸುತ್ತದೆ. ಅದಕ್ಕೆ ಗಾಬರಿಯಾಗದೆ ಬೇಕಾದ ಅಂಕಿಗೆ ತುಂಬಿ ತೆಗೆಯುತ್ತೇನೆ. ತೆಗೆಯುವಾಗ ‘ಪುಸ್’ ಎನ್ನುವುದು ನಳಿಕೆಯ ಗಾಳಿ, ಫೋರ್ಕಿನದಲ್ಲ. ತುಂಬಿದ ಮೇಲೆ ಕೆಲವು ಸಲ ಅದುಮಿ ಬಿಡುತ್ತೇನೆ. ಮೇಲಿನ ಕೋಣೆಯ ಗಾಳಿ ಕೆಳಗಿನ ಋಣ ಕೋಣೆಗೆ (ಎದುರು ದಿಕ್ಕಿನಿಂದ ತಳ್ಳುವ ಗಾಳಿಯ ಕೋಣೆಗೆ) ಹಾದು ಸಮತೂಗುತ್ತದೆ. ಆಮೇಲೆ ಇನ್ನೊಮ್ಮೆ ಅಳೆದರೆ ಸಿಗುವುದೇ ನಿಜವಾದ ಅಂಕಿ. ಎರಡೂ ಕೊಳವೆಗಳ ತಲೆಯಲ್ಲಿರುವ, ಹೊರಕೋಣೆಯ ಗಾಳಿಯನ್ನಷ್ಟೇ (ತುಂಬಿದ ಒತ್ತಡವನ್ನಲ್ಲ) ಬಿಡುವ ಸ್ಕ್ರೂಗಳನ್ನೂ ಆಗಲೇ ಸಡಿಲಿಸಿ ಬಿಗಿಯುತ್ತೇನೆ.

ಮೊದಲು ಹಿಂಬದಿಯ ಸ್ಯಾಗನ್ನು (ಸವಾರ ಕೂತಾಗ ಬೈಕು ಕುಸಿಯುವ ಅಳತೆ) 105 ಮಿ.ಮೀ. ಆಸುಪಾಸಿಗೆ ತಂದುಕೊಳ್ಳುತ್ತೇನೆ. ಬೈಕಿನ ಹಿಂಭಾಗ ಹೇಗೆ ಕೂತಿದೆ ಎಂದು ತಿಳಿಯದೆ ಮುಂಭಾಗವನ್ನು ದೂರುವುದರಲ್ಲಿ ಅರ್ಥವಿಲ್ಲ. ನಂತರ ಫೋರ್ಕ್‌ನ ಕೊಳವೆಗೆ ರಬ್ಬರ್ ಉಂಗುರ ಹಾಕಿ, ಟ್ರ್ಯಾಕಿನ ಅತಿ ಗಟ್ಟಿ ಇಳಿತದಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಕೊನೆಯ ಒಂದೆರಡು ಸೆಂಟಿಮೀಟರ್ ಉಳಿದಿದ್ದರೆ ಸಾಕು. ತಳ ಮುಟ್ಟಿ ‘ಠಣ್’ ಎಂದರೆ 2-3 ಪಿಎಸ್‌ಐ ಏರಿಸುತ್ತೇನೆ, ಅರ್ಧ ದಾರಿಯಲ್ಲೇ ನಿಂತರೆ ಅಷ್ಟೇ ಇಳಿಸುತ್ತೇನೆ. ಕಂಪ್ರೆಷನ್ (ಅದುಮುವ ವೇಗ), ರೀಬೌಂಡ್ (ಮರಳಿ ಚಾಚುವ ವೇಗ) ಹೊಂದಿಸುವ ಸ್ಕ್ರೂಗಳಿಗೆ ಕೈ ಹಾಕುವುದು ಒತ್ತಡ ಸರಿಹೋದ ಮೇಲೆಯೇ, ಅದೂ ಒಂದು ಸಲಕ್ಕೆ ಒಂದನ್ನೇ.

ಫೋರ್ಕ್ ಬಿಗಿ, ಕೈ ನೋಯುತ್ತದೆ ಎನ್ನುವವರಿಗೆ ನಾನು ಮೊದಲು ಕೇಳುವುದು ಆಕ್ಸಲ್ (ಚಕ್ರದ ಅಚ್ಚು) ಬಗ್ಗೆ. ಏರ್ ಫೋರ್ಕ್‌ನಲ್ಲಿ ಗಾಳಿ ತಡೆಯುವ ಸೀಲ್‌ಗಳ ಘರ್ಷಣೆ ಹೇಗೂ ಇದೆ. ಕೊಳವೆಗಳು ಸಮಾನಾಂತರವಾಗಿಲ್ಲದಿದ್ದರೆ ಅದು ದುಪ್ಪಟ್ಟಾಗುತ್ತದೆ. ಚಕ್ರ ಕೂರಿಸುವಾಗ ಆಕ್ಸಲ್ ನಟ್ ಬಿಗಿದು, ಆಕ್ಸಲನ್ನು ಕಚ್ಚಿಹಿಡಿಯುವ ಬಲಗಡೆಯ ಪಿಂಚ್ ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಟ್ಟು, ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಅದುಮುತ್ತೇನೆ. ಕೊಳವೆ ತನ್ನ ಜಾಗ ಹುಡುಕಿಕೊಂಡ ಮೇಲೆ ಬೋಲ್ಟ್ ಬಿಗಿಯುತ್ತೇನೆ. ಕೊಳವೆಗಳನ್ನು ಮೇಲೆ ಹಿಡಿದಿಡುವ ಟ್ರಿಪಲ್ ಕ್ಲ್ಯಾಂಪಿಗಂತೂ ಟಾರ್ಕ್ ವ್ರೆಂಚ್ ಬೇಕೇ ಬೇಕು. ಅಳತೆ ಮೀರಿ ಬಿಗಿದರೆ ಹೊರಗೊಳವೆಯೇ ಅಮುಕಿಕೊಳ್ಳುತ್ತದೆ.

ತೊಳೆಯುವಾಗ ಒತ್ತಡದ ನೀರನ್ನು ಸೀಲ್‌ಗಳತ್ತ ಹಾಯಿಸುವುದಿಲ್ಲ. ಡಸ್ಟ್ ಸೀಲ್ ಕೆಳಗೆ ಸರಿಸಿ ಕೆಸರು ಒರೆಸುತ್ತೇನೆ. ಎಣ್ಣೆ ಜಿನುಗಿದರೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸೀಲ್‌ನ ತುಟಿಯೊಳಗೆ ತೂರಿಸಿ ಸುತ್ತಲೂ ಆಡಿಸುತ್ತೇನೆ. ಎಷ್ಟೋ ಸಲ ಮರಳಿನ ಒಂದು ಕಣವೇ ಕಾರಣವಾಗಿರುತ್ತದೆ.

ಗಾಳಿ ಇಳಿಯುತ್ತಿದ್ದರೆ ಮೊದಲು ವಾಲ್ವ್ ಮೇಲೆ ಸೋಪಿನ ನೀರು. ಗುಳ್ಳೆ ಬಾರದಿದ್ದರೆ ಎಡ ಕೊಳವೆಯ ತಲೆಯ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಕಿವಿಗೊಡುತ್ತೇನೆ: ಗಾಳಿ ಉದ್ದಕ್ಕೂ ಬುಸುಗುಟ್ಟಿದರೆ ಒಳಗಿನ ಸೀಲ್ ದಾಟಿ ಹೊರಕೋಣೆ ಸೇರುತ್ತಿದೆ ಎಂದರ್ಥ. ಅದಕ್ಕೆ ಪಂಪ್ ಮದ್ದಲ್ಲ. ಒತ್ತಡವನ್ನು ಪೂರ್ತಿ ಹೊರಬಿಟ್ಟು ಎಡ ಕೊಳವೆ ಬಿಚ್ಚಿ ಸೀಲ್ ಬದಲಿಸಲೇಬೇಕು.