ಹದಿನಾರು ಕೋರ್‌ಗಳಲ್ಲಿ ಹದಿನಾಲ್ಕು ಸರ್ವರ್: ಪಾರ್ಟಿಷನ್ ಯೋಜನೆಯಲ್ಲಿ ನನ್ನ ಅನುಭವ

ಹದಿನಾಲ್ಕು ಹಳೆಯ ಸರ್ವರ್‌ಗಳ ಕೆಲಸವನ್ನು ಐಬಿಎಂನ ಪವರ್ 7 ಪೀಳಿಗೆಯ, ಎರಡು ಸಾಕೆಟ್‌ಗಳ (ಪ್ರೊಸೆಸರ್ ಚಿಪ್ ಕೂರುವ ಜಾಗ), 16 ಕೋರ್ (ಪ್ರೊಸೆಸರ್‌ನ ಗಣನಾ ಘಟಕ) ಮತ್ತು 512 ಜಿಬಿ ಮೆಮೊರಿಯ ಒಂದೇ ಯಂತ್ರಕ್ಕೆ, ಅದನ್ನು ಪಾರ್ಟಿಷನ್‌ಗಳೆಂಬ ಸ್ವತಂತ್ರ ಭಾಗಗಳಾಗಿ ವಿಂಗಡಿಸಿ, ಇಳಿಸಬಹುದೆಂದು ನಾನು ಬರೆದುಕೊಟ್ಟಾಗ, ಆ ಟಿಪ್ಪಣಿಗೆ ಸಹಿ ಹಾಕಲು ನಮ್ಮ ತಂಡದಲ್ಲಿ ಯಾರೂ ಮುಂದೆ ಬರಲಿಲ್ಲ. ಯಂತ್ರ ಮಾರುವವರ ಲೆಕ್ಕವೂ 32 ಕೋರ್ ಎಂದೇ ಹೇಳುತ್ತಿತ್ತು. ಅವರು ಪ್ರತಿಯೊಂದು ಸರ್ವರ್‌ನ ಗರಿಷ್ಠ ಬಳಕೆಯನ್ನು ತೆಗೆದುಕೊಂಡು ಎಲ್ಲವನ್ನೂ ಕೂಡಿದ್ದರು. ಮೊತ್ತ ಸುಮಾರು 31 ಬಂದಿತ್ತು. ಹದಿನಾಲ್ಕೂ ಸರ್ವರ್‌ಗಳು ಒಂದೇ ನಿಮಿಷದಲ್ಲಿ ತಮ್ಮ ಗರಿಷ್ಠವನ್ನು ಮುಟ್ಟುತ್ತವೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಾನು ಮಾಡಿದ್ದು ಇಷ್ಟೇ: ಎರಡು ತಿಂಗಳ ಕೊನೆಯ ವಾರಗಳನ್ನೂ ಒಳಗೊಂಡಂತೆ ಎಲ್ಲ ಸರ್ವರ್‌ಗಳ ಸಿಪಿಯು ಬಳಕೆಯನ್ನು ನಿಮಿಷಕ್ಕೊಮ್ಮೆ ದಾಖಲಿಸಿ, ಪೀಳಿಗೆ ಬೇರೆ ಬೇರೆಯಾಗಿದ್ದ ಆ ಕೋರ್‌ಗಳನ್ನೆಲ್ಲ ಆರ್‌ಪರ್ಫ್ ಅಂಕಿಗಳ (ಯಂತ್ರಗಳ ಸಾಪೇಕ್ಷ ಸಾಮರ್ಥ್ಯಕ್ಕೆ ಐಬಿಎಂ ಕೊಡುವ ಅಳತೆ) ಮೂಲಕ ಹೊಸ ಕೋರ್‌ಗಳ ಲೆಕ್ಕಕ್ಕೆ ತಂದು, ಆಮೇಲೆ ಅದೇ ನಿಮಿಷದ ಸಾಲುಗಳನ್ನು ಅಡ್ಡವಾಗಿ ಕೂಡಿದೆ. ಒಟ್ಟು ಗರಿಷ್ಠ ಸುಮಾರು 9 ಕೋರ್ ಬಂತು. ಹಿಗ್ಗಿನಿಂದ ಅಂಕಿಯನ್ನು ಎಲ್ಲರಿಗೂ ತೋರಿಸಿದೆ. ನಾಲ್ಕು ದಿನಗಳ ನಂತರ, ರಾಶಿ ಕೆಲಸಗಳನ್ನು ಒಟ್ಟಿಗೆ ಓಡಿಸುವ ಬ್ಯಾಚ್ ಸರ್ವರ್‌ನ ಗಡಿಯಾರ ಸುಮಾರು 40 ನಿಮಿಷ ಹಿಂದಿದೆಯೆಂದು ಗೊತ್ತಾಯಿತು. ಅದರಲ್ಲಿ ಗಡಿಯಾರವನ್ನು ಸರಿಯಾಗಿಡುವ ಎನ್‌ಟಿಪಿ ಎಂದೋ ನಿಂತುಹೋಗಿತ್ತು. ಸಾಲುಗಳನ್ನು ಸರಿಸಿ ಮತ್ತೆ ಕೂಡಿದಾಗ ರಾತ್ರಿಯ ಬ್ಯಾಚ್ ಮತ್ತು ವರದಿ ತಯಾರಿಕೆಯ ಹೊರೆಗಳು ಒಂದರ ಮೇಲೊಂದು ಬಿದ್ದು, ಗರಿಷ್ಠ 11ಕ್ಕೆ ಏರಿತು. ಆಗಲೂ 16ರೊಳಗೇ ಇತ್ತು ಎಂಬುದು ನನ್ನ ಅದೃಷ್ಟ. ಅಂದಿನಿಂದ ನಾನು ದಾಖಲೆ ಸಂಗ್ರಹಿಸುವ ಮೊದಲು ಗಡಿಯಾರಗಳನ್ನು ನೋಡುತ್ತೇನೆ.

ಕೋರ್‌ಗಳ ಲೆಕ್ಕ ಗೆದ್ದರೂ ಮೆಮೊರಿಯಲ್ಲಿ ನಾನು ಚೆನ್ನಾಗಿಯೇ ಎಡವಿದೆ. ಮುಂದೆ ಬೇಕಾದೀತೆಂದು ಎಲ್ಲ ಹದಿನಾಲ್ಕು ಪಾರ್ಟಿಷನ್‌ಗಳ ಪ್ರೊಫೈಲ್‌ನಲ್ಲೂ ಗರಿಷ್ಠ ಮೆಮೊರಿಯನ್ನು 256 ಜಿಬಿ ಎಂದು ಬರೆದಿದ್ದೆ. ಯಂತ್ರವನ್ನು ಪಾರ್ಟಿಷನ್‌ಗಳಿಗೆ ಹಂಚುವ ಹೈಪರ್‌ವೈಸರ್ ತಂತ್ರಾಂಶ ಪ್ರತಿ ಪಾರ್ಟಿಷನ್‌ಗೂ ಪೇಜ್ ಟೇಬಲ್ (ಮೆಮೊರಿಯ ವಿಳಾಸಪಟ್ಟಿ) ಕಟ್ಟುವುದು ನಾವು ಕೊಡುವ ಮೆಮೊರಿಯನ್ನು ನೋಡಿ ಅಲ್ಲ, ಗರಿಷ್ಠವನ್ನು ನೋಡಿ. ಅದರ 64ನೆಯ ಒಂದು ಭಾಗವನ್ನು, ಎರಡರ ಘಾತಕ್ಕೆ ಮೇಲ್ಮುಖವಾಗಿ ಹೊಂದಿಸಿ, ಮೊದಲೇ ಎತ್ತಿಟ್ಟುಕೊಳ್ಳುತ್ತದೆ. ತಲಾ 4 ಜಿಬಿಯಂತೆ 56 ಜಿಬಿ ಅಲ್ಲೇ ಕರಗಿತು, ಹೈಪರ್‌ವೈಸರ್‌ನ ಸ್ವಂತ ಪಾಲೂ ಸೇರಿ ಸುಮಾರು 65 ಹೋಯಿತು. ಇದಕ್ಕಿಂತ ಕೆಟ್ಟದ್ದೆಂದರೆ, ಯಾವ ದೋಷಸಂದೇಶವೂ ಬರಲಿಲ್ಲ. ಕೊನೆಯದಾಗಿ ಎದ್ದ ಪಾರ್ಟಿಷನ್‌ಗೆ ಕೇಳಿದ 32 ಜಿಬಿ ಸಿಗದಿದ್ದರೂ, ಅದರ ಕನಿಷ್ಠವನ್ನು ನಾನು 8 ಎಂದು ಬರೆದಿದ್ದರಿಂದ ಸುಮಾರು 21 ಜಿಬಿಯಲ್ಲೇ ಅದು ಸದ್ದಿಲ್ಲದೆ ಎದ್ದು, ಮೂರು ದಿನ ಪೇಜಿಂಗ್ (ಮೆಮೊರಿ ಸಾಲದೆ ಡಿಸ್ಕ್‌ಗೆ ಅತ್ತಿತ್ತ ಸರಿಸುವುದು) ಮಾಡುತ್ತ ಕುಳಿತಿತ್ತು. ಇನ್ನಷ್ಟು ಮೆಮೊರಿ ಕೊಳ್ಳಲು ಬೇಡಿಕೆ ಪತ್ರವನ್ನೂ ಬರೆದಿದ್ದೆ, ಕಳುಹಿಸಲಿಲ್ಲವೆಂಬುದಷ್ಟೇ ಸಮಾಧಾನ. ಗರಿಷ್ಠವನ್ನು ಓಡುತ್ತಿರುವಾಗ ಬದಲಾಯಿಸಲಾಗುವುದಿಲ್ಲವಾದ್ದರಿಂದ ಒಂದು ಭಾನುವಾರ ಎಲ್ಲವನ್ನೂ ಇಳಿಸಿ, ಹೆಚ್ಚಿನವಕ್ಕೆ 64, ಡೇಟಾಬೇಸ್‌ಗಳಿಗೆ 128 ಎಂದು ತಿದ್ದಿದೆ. ಪೇಜ್ ಟೇಬಲ್‌ಗಳ ಪಾಲು 17 ಜಿಬಿಯ ಆಸುಪಾಸಿಗೆ ಇಳಿಯಿತು. ಕನಿಷ್ಠವನ್ನು ಈಗ ಬೇಕಾದ ಮೊತ್ತದ ಸಮೀಪವೇ ಇಡುತ್ತೇನೆ, ಏಕೆಂದರೆ ಅರ್ಧ ಹೊಟ್ಟೆಯಲ್ಲಿ ಏಳುವ ಪಾರ್ಟಿಷನ್‌ಗಿಂತ ಏಳದೆ ಕೂಗುವ ಪಾರ್ಟಿಷನ್ ಮೇಲು.

ಎರಡನೆಯ ಸೋಲು ವರ್ಚುಯಲ್ ಪ್ರೊಸೆಸರ್‌ಗಳದ್ದು (ಪಾರ್ಟಿಷನ್‌ಗೆ ಕಾಣುವ, ನಿಜವಾದ ಕೋರ್‌ಗಳ ಮೇಲೆ ಸರದಿಯಲ್ಲಿ ಓಡುವ ಪ್ರೊಸೆಸರ್‌ಗಳು). ಅನ್‌ಕ್ಯಾಪ್ಡ್ (ಬಿಡುವಿನ ಕೋರ್‌ಗಳನ್ನು ತನ್ನ ಪಾಲಿಗಿಂತ ಹೆಚ್ಚು ಬಳಸಬಲ್ಲದ್ದು) ಇದೆಯಲ್ಲ, ಹೆಚ್ಚು ಕೊಟ್ಟರೆ ನಷ್ಟವೇನು ಎಂದುಕೊಂಡು 0.8 ಕೋರ್‌ನ ಎನ್‌ಟೈಟಲ್‌ಮೆಂಟ್ (ಖಾತರಿಯ ಪಾಲು) ಇದ್ದ ಪಾರ್ಟಿಷನ್‌ಗೂ 8 ವರ್ಚುಯಲ್ ಪ್ರೊಸೆಸರ್ ಕೊಟ್ಟಿದ್ದೆ. ಯಂತ್ರ ಬಿಡುವಾಗಿದ್ದಾಗ ಎಲ್ಲವೂ ಸೊಗಸಾಗಿಯೇ ಇತ್ತು. ತಿಂಗಳ ಕೊನೆಯಲ್ಲಿ ಪಾರ್ಟಿಷನ್‌ಗಳು ಹಂಚಿಕೊಳ್ಳುವ ಕೋರ್‌ಗಳ ಪೂಲ್ ತುಂಬಿದಾಗ, ಪ್ರತಿ ವರ್ಚುಯಲ್ ಪ್ರೊಸೆಸರ್‌ಗೆ 10 ಮಿಲಿಸೆಕೆಂಡ್‌ಗಳ ಕಿಟಕಿಯಲ್ಲಿ ಖಾತರಿಯಾಗಿ ದಕ್ಕುವುದು 1 ಮಿಲಿಸೆಕೆಂಡ್ ಮಾತ್ರ ಎಂಬುದು ಅನುಭವಕ್ಕೆ ಬಂತು. ಒಂದು ಕಿಟಕಿಯ ಆರಂಭದಲ್ಲಿ ಓಡಿದ್ದು ಮುಂದಿನ ಕಿಟಕಿಯ ಕೊನೆಯಲ್ಲಿ ಓಡಿದರೆ ನಡುವೆ 18 ಮಿಲಿಸೆಕೆಂಡ್ ನಿಲ್ಲಬೇಕು, ಇತರರನ್ನು ತಡೆಯುವ ಲಾಕ್ ಹಿಡಿದ ಥ್ರೆಡ್ (ಪ್ರೋಗ್ರಾಂನ ಒಂದು ಎಳೆ) ಹೀಗೆ ನಿಂತರೆ ಉಳಿದವೆಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ. 8ನ್ನು 2ಕ್ಕೆ ಇಳಿಸಿದ ಮರುಗಳಿಗೆಯಿಂದಲೇ ದೂರುಗಳು ನಿಂತವು. ಎನ್‌ಟೈಟಲ್‌ಮೆಂಟ್‌ಗೂ ವರ್ಚುಯಲ್ ಪ್ರೊಸೆಸರ್‌ಗಳಿಗೂ ನಾನು ಈಗ ಇಡುವ ಅನುಪಾತವನ್ನು ಕಂಡುಕೊಳ್ಳಲು ಐದು ತಿಂಗಳು ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಣದ ವಿಷಯದಲ್ಲಿ ಎಲ್ಲರೂ ಯಂತ್ರದ ಬೆಲೆಯನ್ನೇ ಜಗ್ಗಾಡುತ್ತಿದ್ದರು. ಒಟ್ಟು ವೆಚ್ಚದಲ್ಲಿ ಯಂತ್ರದ ಪಾಲು ಮೂರರಲ್ಲೊಂದು ಇದ್ದಿರಬಹುದು. ಅರ್ಧಕ್ಕಿಂತ ಹೆಚ್ಚು ಹೋದದ್ದು ಕೋರ್ ಲೆಕ್ಕದ ಡೇಟಾಬೇಸ್ ಪರವಾನಗಿಗೆ. ನಮ್ಮ ಒಪ್ಪಂದದ ಪ್ರಕಾರ ಅನ್‌ಕ್ಯಾಪ್ಡ್ ಪಾರ್ಟಿಷನ್ ಎಷ್ಟು ಕೋರ್‌ವರೆಗೆ ಹಿಗ್ಗಬಲ್ಲದೋ ಅಷ್ಟಕ್ಕೂ ಹಣ ಕಟ್ಟಬೇಕಿತ್ತು, ಮೂರು ಡೇಟಾಬೇಸ್ ಪಾರ್ಟಿಷನ್‌ಗಳಿಗೆ ಒಟ್ಟು 10 ಕೋರ್ ಆಗುತ್ತಿತ್ತು. ಮೂರನ್ನೂ ಗರಿಷ್ಠ 4 ಕೋರ್‌ಗಳ ಪ್ರತ್ಯೇಕ ಹಂಚಿಕೆಯ ಪೂಲ್‌ನಲ್ಲಿ ಕೂರಿಸಿ, ಅವುಗಳ ಒಟ್ಟು ಹೊರೆ ನಾಲ್ಕನ್ನು ದಾಟುವುದಿಲ್ಲವೆಂದು ಅದೇ ನಿಮಿಷದ ಸಾಲುಗಳಿಂದ ತೋರಿಸಿದೆ. ಆರು ಕೋರ್‌ಗಳ ಪರವಾನಗಿ ಉಳಿಯಿತು. ನನ್ನ ಟಿಪ್ಪಣಿಗೆ ಸಹಿ ಬಿದ್ದದ್ದು ಈ ಉಳಿತಾಯ ಕಂಡ ಮೇಲೆಯೇ ಹೊರತು ನನ್ನ ಗ್ರಾಫ್‌ಗಳನ್ನು ಕಂಡಲ್ಲ.

ಎರಡು ವಿಐಒ ಸರ್ವರ್‌ಗಳು (ಉಳಿದವಕ್ಕೆ ಡಿಸ್ಕ್ ಮತ್ತು ನೆಟ್‌ವರ್ಕ್ ಒದಗಿಸುವ ಪಾರ್ಟಿಷನ್‌ಗಳು) ಬೇಕೆಂಬುದು ಗೊತ್ತಿದ್ದದ್ದೇ. ಆದರೆ ಯಂತ್ರದೊಳಗಿನ ಡಿಸ್ಕ್‌ಗಳೆಲ್ಲ ಒಂದೇ ನಿಯಂತ್ರಕದ ಕೆಳಗಿದ್ದು, ಅದನ್ನು ಒಂದು ಪಾರ್ಟಿಷನ್ ಮಾತ್ರ ಹಿಡಿಯಬಲ್ಲದು ಎಂಬುದನ್ನು ನಾನು ಆರ್ಡರ್ ಮಾಡುವಾಗ ಗಮನಿಸಿರಲಿಲ್ಲ. ಡಿಸ್ಕ್‌ಗಳು ಕೂರುವ ಬ್ಯಾಕ್‌ಪ್ಲೇನ್ ಅನ್ನು ವಿಭಜಿಸುವ ಭಾಗವನ್ನು ಆಮೇಲೆ ಬೇರೆಯಾಗಿ ತರಿಸಬೇಕಾಯಿತು. ಅದು ಬರುವವರೆಗಿನ ಮೂರು ವಾರ ಎರಡನೆಯ ವಿಐಒ ಸರ್ವರ್‌ಗೆ ಬೂಟ್ ಡಿಸ್ಕ್ ಇರಲಿಲ್ಲ. ಇದಲ್ಲದೆ ಎರಡಕ್ಕೂ ಅರ್ಧರ್ಧ ಕೋರ್ ಸಾಕೆಂದುಕೊಂಡಿದ್ದೆ. 10 ಗಿಗಾಬಿಟ್ ನೆಟ್‌ವರ್ಕ್ ತುಂಬಿ ಹರಿದಾಗ, 1500 ಎಂಟಿಯು (ಗರಿಷ್ಠ 1500 ಬೈಟ್‌ಗಳ) ಪ್ಯಾಕೆಟ್‌ಗಳನ್ನು ದಾಟಿಸುವುದರಲ್ಲೇ ಷೇರ್ಡ್ ಈಥರ್ನೆಟ್ (ಪಾರ್ಟಿಷನ್‌ಗಳು ಹಂಚಿಕೊಳ್ಳುವ ನೆಟ್‌ವರ್ಕ್ ಸೇತುವೆ) ಒಂದು ಕೋರ್‌ಗಿಂತ ಹೆಚ್ಚು ತಿನ್ನುತ್ತಿತ್ತು. ದೊಡ್ಡ ತುಂಡುಗಳನ್ನು ಒಟ್ಟಿಗೆ ದಾಟಿಸುವ ಲಾರ್ಜ್‌ಸೆಂಡ್ ಹಾಕಿ, ಬಿಡುವಿನ ಕೋರ್‌ಗಳಲ್ಲಿ ಆದ್ಯತೆ ನಿರ್ಧರಿಸುವ ವೇಟ್ ಅನ್ನು 128ರಿಂದ 255ಕ್ಕೆ ಏರಿಸಿ, ತಲಾ ಒಂದು ಕೋರ್ ಕೊಟ್ಟ ಮೇಲೆ ಸರಿಹೋಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹೊಸ ಯಂತ್ರಕ್ಕೆ ಬಂದ ಮೇಲೆ ಫಿಸ್‌ಸಿ (ನಿಜವಾಗಿ ಬಳಸಿದ ಕೋರ್‌ಗಳ) ಅಂಕಿಗಳು ನನ್ನ ಅಂದಾಜಿಗಿಂತ ಸುಮಾರು 30 ಶೇಕಡ ಹೆಚ್ಚು ಕಾಣುತ್ತಿದ್ದವು. ಪವರ್ 7ರಲ್ಲಿ ಎಐಎಕ್ಸ್ (ಪಾರ್ಟಿಷನ್‌ಗಳ ಕಾರ್ಯಾಚರಣಾ ವ್ಯವಸ್ಥೆ) ಮೊದಲು ಎಲ್ಲ ವರ್ಚುಯಲ್ ಪ್ರೊಸೆಸರ್‌ಗಳ ಮೊದಲ ಥ್ರೆಡ್‌ಗಳನ್ನು (ಒಂದೇ ಕೋರ್ ಒಟ್ಟಿಗೆ ನಡೆಸಬಲ್ಲ ಎಳೆಗಳು) ತುಂಬಿ, ಆಮೇಲಷ್ಟೇ ಒಂದೇ ಕೋರ್‌ನ ಉಳಿದ ಥ್ರೆಡ್‌ಗಳಿಗೆ ಇಳಿಯುವುದರಿಂದ, ಕೆಲಸ ಕಡಿಮೆಯಿದ್ದರೂ ಕೋರ್‌ಗಳು ಹೆಚ್ಚು ಬಳಕೆಯಾದಂತೆ ತೋರುತ್ತದೆ. ಎಐಎಕ್ಸ್‌ನ ಷೆಡ್‌ಒ ಆಜ್ಞೆಯಲ್ಲಿ ಈ ಕ್ರಮವನ್ನು ನಿಯಂತ್ರಿಸುವ ಥ್ರೂಪುಟ್ ಮೋಡ್ ಬದಲಿಸಿ ನೋಡಿದೆ: ಅಂಕಿಗಳು ಇಳಿದವು, ಪ್ರತಿಕ್ರಿಯೆ ನಿಧಾನವಾಯಿತು. ಅಭಿವೃದ್ಧಿ ಪಾರ್ಟಿಷನ್‌ಗಳಲ್ಲಿ ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ಇನ್ನೊಂದು ಸಂಗತಿ ಆಕಸ್ಮಿಕವಾಗಿ ಸಿಕ್ಕಿತು. ಓಡುತ್ತಿರುವಾಗಲೇ ಮೆಮೊರಿಯನ್ನು ಅತ್ತಿತ್ತ ಸರಿಸುತ್ತ ಬಂದು, ದೊಡ್ಡ ಡೇಟಾಬೇಸ್‌ನ ಕೋರ್‌ಗಳು ಒಂದು ಸಾಕೆಟ್‌ನಲ್ಲೂ ಮೆಮೊರಿಯ ಬಹುಪಾಲು ಇನ್ನೊಂದರಲ್ಲೂ ಕುಳಿತಿರುವುದು ಎಲ್‌ಎಸ್‌ಎಸ್‌ಆರ್‌ಎಡಿ ಆಜ್ಞೆಯಿಂದ ಕಂಡಿತು. ಬೇರೆ ಸಾಕೆಟ್‌ನ ಮೆಮೊರಿಯನ್ನು ಮುಟ್ಟಲು ಕೋರ್‌ಗೆ ಹೆಚ್ಚು ಹೊತ್ತು ಬೇಕು. ಎಲ್ಲವನ್ನೂ ಇಳಿಸಿ, ಹಳೆಯ ಹಂಚಿಕೆಯನ್ನು ಅಳಿಸಿ, ದೊಡ್ಡದರಿಂದ ಚಿಕ್ಕದರ ಕ್ರಮದಲ್ಲಿ ಮತ್ತೆ ಎಬ್ಬಿಸಿದೆ. ಐದು ಗಂಟೆ ಹಿಡಿಯುತ್ತಿದ್ದ ಬ್ಯಾಚ್ ನಾಲ್ಕು ಗಂಟೆಗಿಂತ ಸ್ವಲ್ಪ ಕಡಿಮೆ ಅವಧಿಯಲ್ಲೇ ಮುಗಿಯಿತು. ಅಳಿಸುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಒಮ್ಮೆ ಕೈಸುಟ್ಟುಕೊಂಡವರಿಗೆ ಅದು ತಾನಾಗಿಯೇ ತಿಳಿಯುತ್ತದೆ.

ಯಂತ್ರ ಓಡಲಾರಂಭಿಸಿ ಎರಡು ವರ್ಷ ದಾಟಿದೆ. ತಿಂಗಳ ಕೊನೆಯ ಅತಿ ಹೆಚ್ಚಿನ ಹೊರೆಯಲ್ಲೂ ಪೂಲ್‌ನ ಬಳಕೆ 13 ಕೋರ್‌ಗಳನ್ನು ಮೀರಿದ್ದನ್ನು ನಾನು ಕಂಡಿಲ್ಲ. 32 ಕೋರ್ ಕೇಳಿದ್ದವರು ಈಗ ತಮ್ಮ ಅಂದಾಜುಗಳನ್ನು ನನಗೆ ತೋರಿಸಿ ಹೋಗುತ್ತಾರೆ. ಕಳೆದ ವಾರ ನಮ್ಮವರು ಬ್ಯಾಕಪ್‌ಗೆಂದೇ ಒಂದು ಪಾರ್ಟಿಷನ್ ಕೇಳಿದ್ದಾರೆ, ಟೇಪ್‌ಗಾಗಿ ಅದಕ್ಕೆ ತನ್ನದೇ ಫೈಬರ್ ಅಡಾಪ್ಟರ್ ಬೇಕಂತೆ. ಕೋರ್ ಇದೆ, ಮೆಮೊರಿಯೂ ಇದೆ, ಅಡಾಪ್ಟರ್ ಕೂರಿಸುವ ಸ್ಲಾಟ್ ಒಂದೂ ಉಳಿದಿಲ್ಲ.