ಕೋಳಿ ಮೂಳೆಯನ್ನು ರಬ್ಬರಿನಂತೆ ಬಗ್ಗಿಸುವುದು ಹೇಗೆ?

ಈ ಭಾನುವಾರ ಕೋಳಿ ತಂದಾಗ ಎರಡು ಕಾಲಿನ ಮೂಳೆ ಎತ್ತಿಡಿ. ಸಾರಿಗೆ ಹಾಕುವ ಮೊದಲೇ. ಕುಕ್ಕರಿನಲ್ಲಿ ಚೆನ್ನಾಗಿ ಬೆಂದರೆ ಮೂಳೆಯೊಳಗಿನ ಕೊಲಾಜೆನ್ ಎಂಬ ನಾರು ಕರಗಿ ಸಾರಿಗೆ ಸೇರುತ್ತದೆ (ಕಾಲು ಸೂಪು ಆರಿದ ಮೇಲೆ ಜೆಲ್ಲಿಯ ಹಾಗೆ ಆಗುವುದು ಅದರಿಂದಲೇ). ನಮಗೆ ಬೇಕಾಗಿರುವುದು ಆ ನಾರೇ.

ಮಾಂಸವನ್ನೆಲ್ಲ ಕೆರೆದು ತೊಳೆಯಿರಿ. ಒಂದು ಮೂಳೆಯನ್ನು ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಬಿಳಿ ವಿನಿಗರ್ ಸುರಿಯಿರಿ. ಮುಚ್ಚಳ ಬಿಗಿ ಮಾಡಬೇಡಿ, ಸಣ್ಣಗೆ ಗುಳ್ಳೆ ಏಳುತ್ತದೆ, ಗ್ಯಾಸ್ ಹೊರಗೆ ಹೋಗಬೇಕಲ್ವಾ? ಎರಡು ದಿನಕ್ಕೊಮ್ಮೆ ವಿನಿಗರ್ ಬದಲಿಸುತ್ತಾ ಒಂದು ವಾರ ಬಿಡಿ. ಮೂರನೇ ದಿನವೇ ತೆಗೆದು ಬಗ್ಗಿಸಿ ನೋಡುವ ಆಸೆ ಆಗುತ್ತದೆ, ತಡೆದುಕೊಳ್ಳಿ.

ಇನ್ನೊಂದನ್ನು ಮನೆಯ ಹೊರಗೆ ಕೆಂಡದ ಮೇಲೆ ಬೆಳ್ಳಗಾಗುವವರೆಗೆ ಸುಡಿ. ಇದು ದೊಡ್ಡವರ ಕೆಲಸ. ವಾಸನೆ ಜಾಸ್ತಿ, ಪಕ್ಕದ ಮನೆಯವರು ಬಟ್ಟೆ ಒಣಹಾಕಿಲ್ಲದ ಹೊತ್ತು ನೋಡಿಕೊಳ್ಳಿ.

ವಾರದ ಮೇಲೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ವಿನಿಗರಿನ ಮೂಳೆ ಬಾಗುತ್ತದೆ. ಸುಟ್ಟದ್ದು ನೋಡಲು ಮೂಳೆಯೇ, ಒತ್ತಿದರೆ ಸೀಮೆಸುಣ್ಣದ ಹಾಗೆ ಪುಡಿ. ಒಂದರಲ್ಲಿ ಸುಣ್ಣದ ಅಂಶ ಹೋಗಿ ನಾರು ಉಳಿದಿದೆ, ಇನ್ನೊಂದರಲ್ಲಿ ನಾರು ಸುಟ್ಟು ಸುಣ್ಣ ಮಾತ್ರ ಉಳಿದಿದೆ. ಮಣ್ಣಿನ ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕಿ ತುಳಿಯುತ್ತಾರಲ್ಲ, ಅದೇ ಲೆಕ್ಕ: ಭಾರ ಹೊರುವುದು ಸುಣ್ಣ, ಬಿರುಕು ಬಿಡದಂತೆ ಹಿಡಿಯುವುದು ನಾರು. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಮಕ್ಕಳ ಮೂಳೆಯಲ್ಲಿ ಅದು ಸ್ವಲ್ಪ ಕಡಿಮೆ, ಅದಕ್ಕೇ ಮರದಿಂದ ಬಿದ್ದ ಹುಡುಗನ ಕೈ ಕೆಲವೊಮ್ಮೆ ಹಸಿ ಕಡ್ಡಿಯ ಹಾಗೆ ಒಂದು ಬದಿ ಸೀಳಿ, ಇನ್ನೊಂದು ಬದಿ ಬಾಗಿ ನಿಲ್ಲುತ್ತದೆ.

ಬಾಟಲಿಯ ಮೂಳೆ ಸತ್ತದ್ದು. ನಮ್ಮದು ಹಾಗಲ್ಲ, ಭಾರ ಬಿದ್ದ ಕಡೆ ಗಟ್ಟಿಯಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಜರ್ಮನಿಯ ಡಾಕ್ಟರ್ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ಬರೆದಿದ್ದರು. ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು 1ರಿಂದ 1.5% ಕರಗುವುದೂ ಇದೇ ಕಾರಣಕ್ಕೆ.

ಇನ್ನು ಅಂಗಡಿಯವನು ಎಸೆಯುವ ಕೋಳಿಯ ಪಾದವನ್ನೂ ಒಂದು ಕೇಳಿ ತನ್ನಿ. ಕತ್ತರಿಸಿದ ಕಡೆ ಬಿಳಿ ದಾರಗಳು ಕಾಣುತ್ತವೆ. ನಾವು ಸುಮ್ನೆ ‘ನರ’ ಅನ್ನುತ್ತೇವೆ, ನರ ಅಲ್ಲ ಅದು, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಇಕ್ಕಳದಲ್ಲಿ ಹಿಂಬದಿಯ ಒಂದನ್ನು ಹಿಡಿದು ಎಳೆಯಿರಿ. ಬೆರಳು ಮಡಚಿಕೊಳ್ಳುತ್ತದೆ! ಮುಂಬದಿಯದನ್ನು ಎಳೆದರೆ ಬಿಚ್ಚಿಕೊಳ್ಳುತ್ತದೆ. ಬೆರಳನ್ನು ಅದುಮಿ ಹಿಡಿದು ಇನ್ನೂ ಜೋರಾಗಿ ಎಳೆಯಿರಿ, ದಾರ ಹಿಗ್ಗುವುದು ಕಣ್ಣಿಗೆ ಕಾಣುವುದೇ ಇಲ್ಲ. ಇದೂ ಬಹುಪಾಲು ಅದೇ ಕೊಲಾಜೆನ್, ಆದರೆ ಸುಣ್ಣವಿಲ್ಲದೆ, ಎಳೆಗಳೆಲ್ಲ ಹಗ್ಗದಂತೆ ಒಂದೇ ದಿಕ್ಕಿಗೆ. ಎಳೆದರೆ ಜಗ್ಗದ ಇದನ್ನು ಅಡ್ಡಕ್ಕೆ ಮಡಚಿ ನೋಡಿ, ಏನೂ ಕಷ್ಟವಿಲ್ಲ.

ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಇಕ್ಕಳವನ್ನೂ.